ಮೂತ್ರಪಿಂಡ ರೋಗವಿಲ್ಲದವರಲ್ಲಿ ಕ್ಯಾಲ್ಸಿಫೈಲ್ಯಾಕ್ಸಿಸ್: ಚಿಕಿತ್ಸೆಯ ಕ್ರಮ

ಚರ್ಮಕ್ಕೂ ಅದರಡಿಯ ಕೊಬ್ಬಿಗೂ ರಕ್ತವನ್ನೊಯ್ಯುವ ಕಿರುಧಮನಿಗಳ ಭಿತ್ತಿಯಲ್ಲಿ ಸುಣ್ಣದ ಅಂಶ ಸಂಚಯವಾಗಿ, ಒಳಗೆ ರಕ್ತ ಹೆಪ್ಪುಗಟ್ಟಿ, ಚರ್ಮವು ನಿರ್ಜೀವವಾಗುವ ಅಪರೂಪದ ವ್ಯಾಧಿಯೇ ಕ್ಯಾಲ್ಸಿಫೈಲ್ಯಾಕ್ಸಿಸ್. ಡಯಾಲಿಸಿಸ್ ಪಡೆಯುವವರಲ್ಲಿ ಇದು ಹೆಚ್ಚಾಗಿ ಕಂಡುಬರುವುದರಿಂದ, ಮೂತ್ರಪಿಂಡ ಸುಸ್ಥಿತಿಯಲ್ಲಿರುವವರಲ್ಲಿ ಇದನ್ನು ಗುರುತಿಸುವುದು ತಡವಾಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಂತಹ 36 ರೋಗಿಗಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ಮೃತರಾಗಿದ್ದರು. ಸೋಂಕು ರಕ್ತಕ್ಕೆ ಹರಡಿದ್ದೇ ಪ್ರಮುಖ ಕಾರಣವಾಗಿತ್ತು. ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಅರ್ಬುದ, ಮದ್ಯಪಾನದಿಂದಾದ ಯಕೃತ್ತಿನ ರೋಗ ಮೊದಲಾದವು ಇದರ ಹಿನ್ನೆಲೆಯಲ್ಲಿರುತ್ತವೆ. ವಾರ್ಫರಿನ್ ಸೇವನೆಯೂ ಒಂದು ಕಾರಣ.

ಪುಣೆಯಂತಹ ನಗರದಲ್ಲಿ ಈ ಕೊನೆಯ ಕಾರಣಕ್ಕೆ ವಿಶೇಷ ಮಹತ್ವವಿದೆ. ವಾನವಡಿಯ ಸೇನಾ ಹೃದ್ರೋಗ ಸಂಸ್ಥೆಯೂ ಸೇರಿದಂತೆ ಹೃದಯ ಶಸ್ತ್ರಚಿಕಿತ್ಸೆಯ ಕೇಂದ್ರಗಳು ಇಲ್ಲಿವೆ. ಲೋಹದ ಕವಾಟ ಜೋಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ವಾರ್ಫರಿನ್ ಅಥವಾ ಅಸೆನೊಕೂಮರಾಲ್ ಸೇವಿಸಬೇಕಾಗುತ್ತದೆ. ಈ ಔಷಧಗಳು ‘ಕೆ’ ಜೀವಸತ್ವದ ಕಾರ್ಯವನ್ನು ತಡೆಯುತ್ತವೆ. ಧಮನಿಗಳಲ್ಲಿ ಸುಣ್ಣ ಕಟ್ಟದಂತೆ ಕಾಯುವ ಪ್ರೋಟೀನೊಂದಕ್ಕೆ ಅದೇ ಜೀವಸತ್ವ ಬೇಕು.

ತೊಡೆ, ಹೊಟ್ಟೆ ಅಥವಾ ಮೀನಖಂಡದಲ್ಲಿ ಬಲೆಯಂತಹ ನೇರಳೆ ಗೆರೆಗಳು, ಗಟ್ಟಿ ಗಂಟು, ಗಾಯಕ್ಕೆ ಮೀರಿದ ಉರಿನೋವು, ನಂತರ ಕಪ್ಪು ಹೊಪ್ಪಳೆ ಕಂಡುಬಂದರೆ ಕೂಡಲೇ ತಜ್ಞರನ್ನು ಕಾಣಬೇಕು. ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಮಾತ್ರ ಸಲ್ಲದು: ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್‌ಗೆ ಬದಲಾಗಿ ಬಂದ ಹೊಸ ಮಾತ್ರೆಗಳು ಲೋಹದ ಕವಾಟವುಳ್ಳವರಿಗೆ ಸುರಕ್ಷಿತವಲ್ಲ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಹೆಪಾರಿನ್ ಚುಚ್ಚುಮದ್ದನ್ನು ಆಶ್ರಯಿಸುತ್ತಾರೆ. ಇದು ಸುಲಭದ ನಿರ್ಧಾರವಲ್ಲ. ಹೃದ್ರೋಗ ತಜ್ಞರೂ ಚರ್ಮರೋಗ ತಜ್ಞರೂ ಕೂಡಿಯೇ ಕೈಗೊಳ್ಳಬೇಕು.

ಅನಗತ್ಯವಾದ ಕ್ಯಾಲ್ಸಿಯಂ ಮತ್ತು ‘ಡಿ’ ಜೀವಸತ್ವದ ಮಾತ್ರೆಗಳನ್ನು ವೈದ್ಯರು ನಿಲ್ಲಿಸುತ್ತಾರೆ. ಪ್ಯಾರಾಥೈರಾಯ್ಡ್ ಕಾರಣವಾಗಿದ್ದರೆ ಶಸ್ತ್ರಚಿಕಿತ್ಸೆಯುಂಟು. ಸೋಡಿಯಂ ಥಯೋಸಲ್ಫೇಟನ್ನು ರಕ್ತನಾಳದ ಮೂಲಕ ವಾರಗಟ್ಟಲೆ ಕೊಡುವ ಕ್ರಮ ರೂಢಿಯಲ್ಲಿದೆ. ಛಾಯಾಗ್ರಾಹಕರು ‘ಹೈಪೊ’ ಎಂದು ಕರೆಯುತ್ತಿದ್ದುದು ಇದನ್ನೇ, ಆದರೆ ಆಸ್ಪತ್ರೆಯಲ್ಲಿ ಬಳಸುವುದು ಚುಚ್ಚುಮದ್ದಿಗೆ ಯೋಗ್ಯವಾದ ಶುದ್ಧ ರೂಪ. ಇದರಿಂದ ಹಲವರಿಗೆ ನೋವು ತಗ್ಗಿದ ವರದಿಗಳಿದ್ದರೂ ಖಚಿತ ಔಷಧವೆನ್ನಲಾಗದು. ವಾಕರಿಕೆಯಾಗುವುದುಂಟು, ರಕ್ತದ ಆಮ್ಲೀಯತೆಯೂ ಹೆಚ್ಚಬಹುದು. ಆದುದರಿಂದ ರಕ್ತಪರೀಕ್ಷೆ ನಡೆಯುತ್ತಿರಬೇಕು.

ಹುಣ್ಣಿನ ಆರೈಕೆ ಇವೆಲ್ಲಕ್ಕಿಂತ ಕಡಿಮೆಯದಲ್ಲ. ಪರೀಕ್ಷೆಗೆ ತೆಗೆದ ಚರ್ಮದ ತುಣುಕಿನ ಜಾಗವೂ ಹೊಸ ಹುಣ್ಣಾಗಬಹುದು. ಸತ್ತ ಚರ್ಮವನ್ನು ಎಚ್ಚರಿಕೆಯಿಂದ ತೆಗೆದು, ಸೋಂಕಿದ್ದಲ್ಲಿ ಪ್ರತಿಜೈವಿಕ ನೀಡಿ, ನೋವಿಗೆ ತಕ್ಕ ಪ್ರಬಲ ಔಷಧ ಕೊಟ್ಟು ತಿಂಗಳುಗಟ್ಟಲೆ ಪಟ್ಟಿ ಕಟ್ಟಬೇಕಾಗುತ್ತದೆ.