ಹಾರುವುದೋ, ನಿಲ್ಲುವುದೋ? ಬೂದಿಮೋಡದ ಕೆಳಗೊಂದು ಲೆಕ್ಕ

ಐಸ್‌ಲೆಂಡ್ ದ್ವೀಪದ ಏಯಾಫ್ಯಾಟ್ಲಯೋಕುಟ್ಲ್ (ಈ ಹೆಸರನ್ನು ತಡವರಿಸದೆ ಉಚ್ಚರಿಸಿದವರು ಧನ್ಯರು!) ಎಂಬ ಅಗ್ನಿಪರ್ವತವು 2010ರ ಏಪ್ರಿಲ್ 14ರಂದು ತನ್ನ ಹಿಮದ ಹೊದಿಕೆಯನ್ನು ಭೇದಿಸಿಕೊಂಡು ಸಿಡಿಯಿತು. ಗಾಳಿಯು ಅದರ ಬೂದಿಯನ್ನು ಯೂರೋಪಿನತ್ತ ಒಯ್ದಿತು. ಮರುದಿನದಿಂದ ಸುಮಾರು ಆರು ದಿನಗಳ ಕಾಲ ಆ ಖಂಡದ ಆಕಾಶದ ಬಹುಭಾಗ ವಿಮಾನಗಳಿಗೆ ಮುಚ್ಚಿತ್ತು. ಸುಮಾರು ಒಂದು ಲಕ್ಷ ಹಾರಾಟಗಳು ರದ್ದಾದುವು. ಸುಮಾರು ಒಂದು ಕೋಟಿ ಜನರ ಪ್ರಯಾಣ ಕೆಟ್ಟಿತು.

ಬೂದಿಗೆ ಇಷ್ಟೊಂದು ಭಯವೇಕೆ? ಇದು ಒಲೆಯ ಬೂದಿಯಲ್ಲ. ಕಲ್ಲು ಮತ್ತು ಗಾಜಿನ ಹರಿತವಾದ ಪುಡಿ. ವಿಮಾನದ ರೇಡಾರು ಮಳೆಹನಿಗಳನ್ನು ಗುರುತಿಸಬಲ್ಲುದು, ಈ ಒಣ ಸೂಕ್ಷ್ಮ ಕಣಗಳನ್ನು ಗುರುತಿಸಲಾರದು. ಜೆಟ್ ಯಂತ್ರದ ದಹನಕೋಷ್ಠದ ಉಷ್ಣತೆಯಲ್ಲಿ ಕಣಗಳು ಕರಗಿ, ಮುಂದಿನ ಅಲಗುಗಳ ಮೇಲೆ ಗಾಜಿನ ಲೇಪವಾಗಿ ಕೂಡುತ್ತವೆ. ಗಾಳಿಯ ದಾರಿ ಕಟ್ಟಿ ಯಂತ್ರ ನಿಲ್ಲುತ್ತದೆ. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಪರ್ವತದ ಬೂದಿಯನ್ನು ಹೊಕ್ಕ ಬೋಯಿಂಗ್ 747 ವಿಮಾನದ ನಾಲ್ಕು ಯಂತ್ರಗಳೂ ನಿಂತುಹೋದುವು. ಅದು ಸುಮಾರು 37,000 ಅಡಿಗಳಿಂದ ತೇಲುತ್ತ ಇಳಿಯಿತು. ತಣಿದ ಗಾಜು ಬಿರಿದು ಉದುರಿದ ಮೇಲೆಯೇ ಯಂತ್ರಗಳು ಮತ್ತೆ ಚಲಿಸಿದುವು.

ಆದಕಾರಣ ಬೂದಿಯಿರುವಲ್ಲಿ ಹಾರಲೇಬಾರದೆಂಬುದು 2010ರವರೆಗಿನ ನಿಯಮವಾಗಿತ್ತು. ಎಷ್ಟು ಬೂದಿಯನ್ನು ಯಂತ್ರವು ತಾಳಬಲ್ಲುದೆಂಬ ಪ್ರಶ್ನೆಗೆ ಒಪ್ಪಿತವಾದ ಅಂಕೆಯೇ ಇರಲಿಲ್ಲ. ಒಂದು ಘನಮೀಟರಿಗೆ 2 ಮಿಲಿಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿದ ಮೇಲೆ ಆಕಾಶ ತೆರೆಯಿತು.

ಇದು ಅಧಿಕಾರಿಗಳ ನಿರ್ಧಾರ. ಪ್ರಯಾಣಿಕನದು ಬೇರೆ: ಹಾರಾಟ ರದ್ದಾಗಬಹುದೆಂಬ ಸುದ್ದಿ ಬಂದಾಗ ಅವನು ಕಾಯಬೇಕೆ, ರೈಲು ಹಿಡಿಯಬೇಕೆ? ಊಹೆಯ ಒಂದು ಲೆಕ್ಕವನ್ನು ನೋಡೋಣ. ರೈಲಿಗೆ ಹೆಚ್ಚಿನ ವೆಚ್ಚ 3,000 ರೂಪಾಯಿ. ಹೋಗಬೇಕಾದುದು ಉದ್ಯೋಗದ ಸಂದರ್ಶನಕ್ಕೆ; ತಪ್ಪಿದರೆ ನಷ್ಟ 40,000 ರೂಪಾಯಿ ಎನ್ನೋಣ. 3,000ವನ್ನು 40,000ದಿಂದ ಭಾಗಿಸಿದರೆ ನೂರಕ್ಕೆ ಏಳೂವರೆ. ರದ್ದಾಗುವ ಸಂಭವವು ಇದಕ್ಕಿಂತ ಹೆಚ್ಚೆಂದು ತೋರಿದರೆ ರೈಲೇ ಲೇಸು. ಬರಿಯ ಬಂಧುದರ್ಶನವಾಗಿ, ನಷ್ಟ 4,000 ಮಾತ್ರವಾದರೆ, ಸಂಭವವು ನೂರಕ್ಕೆ ಎಪ್ಪತ್ತೈದನ್ನು ಮೀರುವವರೆಗೂ ಕಾಯಬಹುದು. ಆಕಾಶ ಒಂದೇ, ಸರಿಯಾದ ಉತ್ತರ ಎರಡು! ಸಂಭವದ ನಿಖರವಾದ ಅಂಕೆಯೂ ಬೇಕಿಲ್ಲ. ಅದು ಗಡಿಯ ಯಾವ ಕಡೆಗಿದೆಯೆಂದು ತಿಳಿದರೆ ಸಾಕು.

ಕಾಯುವುದಕ್ಕೂ ಬೆಲೆಯುಂಟು. ಬೂದಿಯ ಮುನ್ಸೂಚನೆ ಆರು ಗಂಟೆಗೊಮ್ಮೆ ಹೊಸದಾಗುತ್ತದೆ. ಆದ್ದರಿಂದ ತಡಮಾಡಿದಷ್ಟೂ ತಿಳಿವು ಹೆಚ್ಚು. ಆದರೆ ಅದೇ ಸುದ್ದಿಯನ್ನು ಕೇಳಿದ ಸಹಸ್ರಾರು ಜನರು ರೈಲಿನ ಕಡೆಗೇ ಧಾವಿಸುತ್ತಾರಷ್ಟೆ. 2010ರಲ್ಲಿ ಲಂಡನ್–ಪ್ಯಾರಿಸ್ ರೈಲುಗಳು ಹೀಗೆಯೇ ತುಂಬಿಹೋದುವು. ಇನ್ನು, ಎರಡು ಸಂಸ್ಥೆಗಳ ಟಿಕೆಟು ಕೊಂಡು ನಿಶ್ಚಿಂತರಾಗುವ ಜಾಣರೂ ಇದ್ದಾರೆ. ಯಂತ್ರದೋಷಕ್ಕಾದರೆ ಆ ಉಪಾಯ ಸರಿ. ಒಂದೇ ಬೂದಿ ಎರಡನ್ನೂ ತಡೆಯುವಲ್ಲಿ ಸಂಭವಗಳನ್ನು ಗುಣಿಸುವುದು ಗಣಿತದ ಅಪಚಾರವೇ ಸರಿ.

ಹಣದ ಮಾತೂ ಒಂದಿದೆ. ಯೂರೋಪಿನ 2004ರ ನಿಯಮದಂತೆ ಸಂಸ್ಥೆಯೇ ಹಾರಾಟವನ್ನು ರದ್ದುಮಾಡಿದರೆ ಪ್ರಯಾಣಿಕನಿಗೆ ಹಣವಾಗಲಿ ಬೇರೆ ಮಾರ್ಗವಾಗಲಿ ಸಲ್ಲಬೇಕು. ಅವನೇ ಮೊದಲು ರದ್ದುಮಾಡಿದರೆ ಈ ಹಕ್ಕು ಇಲ್ಲ. ಕಾಯುವವನ ತಕ್ಕಡಿಗೆ ಈ ತೂಕವನ್ನೂ ಸೇರಿಸಬೇಕು. ಆಕಾಶ ತೆರೆದೊಡನೆ ಎಲ್ಲರೂ ಹೊರಡುವರೆಂದೂ ಎಣಿಸಬಾರದು: ವಿಮಾನ ಒಂದೂರಿನಲ್ಲಿ, ಚಾಲಕರು ಇನ್ನೊಂದೂರಿನಲ್ಲಿ, ಮುಂದಿನ ದಿನಗಳ ಆಸನಗಳಲ್ಲಿ ಆಗಲೇ ಬೇರೆಯವರು.