ಅಕ್ಷರದಾಟದಲ್ಲಿ ಬಣ್ಣದ ಬಳಕೆ: ಒಂದು ಕಿರುಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಸೂಚಿಸಿದಾಗ, ನನ್ನ ಕಣ್ಣೆದುರು ನಿಂತದ್ದು ಎರಡನೆಯ ಇಯತ್ತೆಯ ಕಪ್ಪು ಹಲಗೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಯಿಂದ ಸೊಲ್ಲಾಪುರಕ್ಕೆ ಬಂದ ನನಗೆ ಗುರುಗಳು ಒತ್ತಕ್ಷರ ಕಲಿಸಿದ್ದು ಎರಡು ಬಣ್ಣದ ಸೀಮೆಸುಣ್ಣದಿಂದ: ಮೂಲಾಕ್ಷರ ಬಿಳಿ, ಒತ್ತು ಕೆಂಪು. ಬರಹಕ್ಕೆ ಬಣ್ಣ ಹಚ್ಚುವುದರ ಪ್ರಯೋಜನವನ್ನು ಅಂದೇ ಅರಿತೆ. ಅದರ ಮಿತಿಯನ್ನು ಅರಿತದ್ದು ಬಹಳ ವರ್ಷಗಳ ಅನಂತರ, ಗಣಕಯಂತ್ರದ ಒಂದು ಆಟದಲ್ಲಿ. ಇವೆರಡನ್ನೂ ಕಿರಿಯ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಹೇಳುವ ಆಟದಲ್ಲಿ ಚಿತ್ರಗಳಿಲ್ಲ. ಇರುವುದು ಬರಹ ಮಾತ್ರ. ಬೇರೆ ಬೇರೆ ಊರುಗಳಲ್ಲಿರುವ ಆಟಗಾರರು ಅಂತರಜಾಲದಲ್ಲಿ ಒಂದೆಡೆ ಸೇರಿ, ತಲಾ ಒಂದು ಪಾತ್ರವನ್ನು ವಹಿಸಿ, ಮಾತು, ನಡೆ, ನೋಟಗಳನ್ನೆಲ್ಲ ಬರೆದೇ ತಿಳಿಸುತ್ತಾರೆ. ಈ ಬಗೆಯ ಆಟಗಳಿಗೆ ನಾಂದಿಯಾದ ‘ಮಡ್’ ಎಂಬುದನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿದರು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಬಯಲಾಟದಲ್ಲಿ ವೇಷ ನೋಡಿ ಪಾತ್ರವನ್ನು ಗುರುತಿಸುತ್ತೇವೆ. ಇಲ್ಲಿಯಾದರೋ ಅಕ್ಷರಕ್ಕೇ ವೇಷ ತೊಡಿಸಬೇಕು.

ಸೊಲ್ಲಾಪುರದ ಜಕಾರ್ಡ್ ಚಾದರ ನೇಯುವುದನ್ನು ಕಂಡವರಿಗೆ ಇದರ ಮರ್ಮ ಕಷ್ಟವಲ್ಲ. ಸಾಂಪ್ರದಾಯಿಕ ಜಕಾರ್ಡ್ ಮಗ್ಗದಲ್ಲಿ, ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ನಿರ್ಧರಿಸುತ್ತವೆ. ಬಟ್ಟೆಯಲ್ಲಿ ಹೂಬಳ್ಳಿ ಮೂಡುತ್ತದೆ, ರಟ್ಟು ಕಾಣುವುದಿಲ್ಲ. ಬಣ್ಣದ ಸಂಕೇತವೂ ಹಾಗೆಯೇ ತೆರೆಯ ಮೇಲೆ ಕಾಣದೆ ಕೆಲಸ ಮಾಡುತ್ತದೆ.

ಆ ಸಂಕೇತದ ರಚನೆ ಹೀಗಿದೆ. ಮೊದಲು ‘ಎಸ್ಕೇಪ್’ ಎಂಬ ಕಾಣದ ಅಕ್ಷರ (ಅದರ ಸಂಖ್ಯೆ 27), ಬಳಿಕ ತೆರೆದ ಚೌಕಾವರಣ, ಬಳಿಕ ಒಂದು ಅಂಕಿ, ಕೊನೆಗೆ ಇಂಗ್ಲಿಷಿನ ಸಣ್ಣ ‘ಎಂ’. 30 ಎಂದರೆ ಕಪ್ಪು, 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ, 37 ಬಿಳಿ. ಇವಕ್ಕೆ 10 ಕೂಡಿಸಿದರೆ ಹಿನ್ನೆಲೆಯ ಬಣ್ಣವಾಗುತ್ತದೆ. 41 ಎಂದರೆ ಕೆಂಪು ಹಿನ್ನೆಲೆ. 1 ದಪ್ಪಕ್ಷರಕ್ಕೆ, 4 ಅಡಿಗೆರೆಗೆ. 0 ಎಂದರೆ ಎಲ್ಲವೂ ಮೊದಲಿನಂತಾಗಲಿ ಎಂಬ ಆಜ್ಞೆ. ಈ ಸೊನ್ನೆಯನ್ನು ಮರೆತರೆ ಮುಂದಿನ ಸಾಲುಗಳೂ ಅದೇ ಬಣ್ಣಕ್ಕೆ ತಿರುಗುತ್ತವೆ. ಅನೇಕ ಆಟಗಳಲ್ಲಿ ಇದನ್ನು ಬರೆಯಲು ಚಿಕ್ಕ ಚಿಹ್ನೆಗಳುಂಟು. ಅವನ್ನು ಆಯಾ ಆಟದ ಸಹಾಯಪುಟದಲ್ಲಿ ನೋಡಿಕೊಳ್ಳಬೇಕು.

ನಮ್ಮ ಭಾಷೆಗಳಿಗೂ ಇಂಥ ವ್ಯವಸ್ಥೆ ಹೊಸದಲ್ಲ. 1991ರ ‘ಇಸ್ಕಿ’ ಎಂಬ ಭಾರತೀಯ ಮಾನಕದಲ್ಲಿ ದಪ್ಪಕ್ಷರ, ಅಡಿಗೆರೆಗಳಿಗೂ, ದೇವನಾಗರಿಯಿಂದ ಕನ್ನಡ ಲಿಪಿಗೆ ಹೊರಳುವುದಕ್ಕೂ ಸಂಕೇತಗಳಿದ್ದವು. ಆದರೆ ಕನ್ನಡಕ್ಕೆ ಬಣ್ಣ ಹಚ್ಚುವಾಗ ವಿಶೇಷ ಎಚ್ಚರ ಬೇಕು. ಇಂದಿನ ಯೂನಿಕೋಡಿನಲ್ಲಿ ‘ಕ್ಷ’ ಎಂಬುದು ಕಕಾರ, ಹಲಂತ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಕೂಟ. ನಡುವೆ ಬಣ್ಣದ ಸಂಕೇತ ನುಗ್ಗಿದರೆ ಕೂಟ ಒಡೆದು ಒತ್ತು ಬೇರ್ಪಡುವ ಸಂಭವವುಂಟು. ಆದ್ದರಿಂದ ಇಡೀ ಪದಕ್ಕೆ ಬಣ್ಣ ಕೊಡುವುದು ಲೇಸು. ಗುರುಗಳು ಸೀಮೆಸುಣ್ಣದಿಂದ ಸಲೀಸಾಗಿ ಮಾಡಿದ್ದು ಇಲ್ಲಿ ಸುಲಭವಲ್ಲ.

ಇನ್ನು ನನ್ನ ತಪ್ಪಿನ ವಿಷಯ. ದೂರದೂರುಗಳಲ್ಲಿ ನೆಲೆಸಿದ ನಾವು ನಾಲ್ವರು ಸಹಪಾಠಿಗಳು ಸೊಲ್ಲಾಪುರದ ಭುಯಿಕೋಟೆಯನ್ನೂ ಅದರ ಬದಿಯ ಸಿದ್ಧೇಶ್ವರ ಕೆರೆಯನ್ನೂ ಕನ್ನಡದಲ್ಲಿ ವರ್ಣಿಸಿ, ವಾರಕ್ಕೊಮ್ಮೆ ಆಡತೊಡಗಿದೆವು. ಬಣ್ಣಗಳ ಹೊಣೆ ನನ್ನದಾಗಿತ್ತು. ಅಂಬಿಗನ ಮಾತು ಹಸಿರು, ಕಾವಲುಗಾರನದು ಹಳದಿ, ಅಪಾಯದ ಸೂಚನೆ ಕೆಂಪು ಎಂದು ಗೊತ್ತುಪಡಿಸಿ, ಪಾತ್ರಗಳ ಹೆಸರುಗಳನ್ನೇ ಕೈಬಿಟ್ಟೆ. ತೆರೆ ಚೆನ್ನಾಗಿ ಕಂಡಿತು. ಆದರೆ ಒಬ್ಬ ಗೆಳೆಯ ಮೂರನೆಯ ವಾರದಿಂದ ಮೌನವಾದ. ಅವನ ದೃಷ್ಟಿ ಹೋಗಿ ಕೆಲವು ವರ್ಷಗಳಾಗಿದ್ದವು. ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಆಡುತ್ತಿದ್ದ. ಕೇಳಿದಾಗ ಅವನೆಂದ: “ನಿಮ್ಮ ಬಣ್ಣ ನಿಮಗ ಛಂದ ಕಾಣತಾವೋ ಮಾರಾಯಾ. ನನಗ ಯಾವ ಮಾತು ಯಾರದು ಅಂತನ ತಿಳಿಯವಲ್ದು.”

ನಾನು ನಾಚಿದೆ. ಆ ತಂತ್ರಾಂಶ ಅಕ್ಷರವನ್ನು ಓದುತ್ತಿತ್ತು, ಬಣ್ಣವನ್ನು ಹೇಳುತ್ತಿರಲಿಲ್ಲ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಳ್ಳವರಿಗೂ ನನ್ನ ಏರ್ಪಾಡು ನಿರುಪಯುಕ್ತವೇ ಆಗಿತ್ತು. ಅಂದೇ ಎಲ್ಲ ಸಾಲುಗಳನ್ನೂ ತಿದ್ದಿದೆ. ಬರಿಯ ಹಸಿರಿನಲ್ಲಿದ್ದ ‘ದೋಣಿ ಸೋರುತ್ತಿದೆ’ ಎಂಬುದು ‘ಅಂಬಿಗ ಪಿಸುಗುಟ್ಟಿದ: ದೋಣಿ ಸೋರುತ್ತಿದೆ’ ಎಂದಾಯಿತು. ಕೆಂಪು ಸಾಲಿನ ಮೊದಲಿಗೆ ‘ಎಚ್ಚರಿಕೆ’ ಎಂಬ ಪದ ಬಂದಿತು. ಬಣ್ಣಗಳನ್ನು ತೆಗೆಯಲಿಲ್ಲ, ಅವು ಮಾತಿನ ಹಿಂದೆ ನಿಂತವು. ಮರುವಾರ ಕೋಟೆಯ ಕಳ್ಳನನ್ನು ನಮ್ಮೆಲ್ಲರಿಗಿಂತ ಮೊದಲು ಹಿಡಿದವನು ಆ ಗೆಳೆಯನೇ.

ಈಗ ನೆನೆದರೆ, ನಮ್ಮ ಗುರುಗಳು ಕೆಂಪು ಒತ್ತನ್ನು ಬರೆದು ಸುಮ್ಮನಾಗುತ್ತಿರಲಿಲ್ಲ. ಹಿಂದಿನ ಸಾಲಿಗೂ ಕೇಳುವಂತೆ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಉಚ್ಚರಿಸುತ್ತಿದ್ದರು. ಪಾಠದ ಆ ಅರ್ಧವನ್ನು ನಾನು ಮರೆತಿದ್ದೆ. ಕಿರಿಯ ಮಿತ್ರರು ಬಣ್ಣದ ಸಾಲು ಬರೆದಾಗ, ಬಣ್ಣ ತೆಗೆದು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ಅರ್ಥವಾದರೆ ಬಣ್ಣ ಹಚ್ಚಲಿ. ಆಗದಿದ್ದರೆ ಮೊದಲು ಸಾಲನ್ನು ತಿದ್ದಲಿ. ಅಕ್ಷರ ಕಲಿಸಿದ ಶಾಲೆಗೆ ಈ ಕಿರುಪಾಠ ನನ್ನ ವಿನಮ್ರ ಕಾಣಿಕೆ.