ಕಾರ್ಡ್ ಕೆಟ್ಟರೆ ಯಾವ ಬಾಗಿಲಿಗೆ?

"ಅಕ್ಕ ಅಮೆರಿಕದಿಂದ ಬರ್ತಿದ್ದಾಳೆ ಸಾರ್, ಗ್ರಾಫಿಕ್ಸ್ ಕಾರ್ಡ್ ಅಲ್ಲಿಂದಲೇ ತರಿಸಿಬಿಡ್ಲಾ?" ರಾಮನಗರದ ಸುತ್ತಿನ ನಮ್ಮ ತಾಲ್ಲೂಕುಗಳ ಮಕ್ಕಳು ನನ್ನನ್ನು ಈಗೀಗ ಹೆಚ್ಚಾಗಿ ಕೇಳುವುದು ಇದನ್ನೇ. ಅಕ್ಕ ಇಲ್ಲದವರು ಹೊರದೇಶದ ಅಂಗಡಿಯ ಪುಟವನ್ನೇ ಫೋನಿನಲ್ಲಿ ತೆರೆದು ತೋರಿಸುತ್ತಾರೆ. ಕೇಳುವವರೆಲ್ಲ ಗೇಮ್ ಆಡುವವರೂ ಅಲ್ಲ. ಕನಕಪುರದ ಹುಡುಗನಿಗೆ ಮದುವೆ ವಿಡಿಯೊ ಎಡಿಟಿಂಗ್ ಮುಗಿಸಿಕೊಡಬೇಕು. ಚನ್ನಪಟ್ಟಣದ ಹುಡುಗಿ ಆಲೆಮರದ ಗೊಂಬೆಯನ್ನು ಕಡೆಯಲು ಕೊಡುವ ಮೊದಲು ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿ ನೋಡುತ್ತಾಳೆ. ಇನ್ನೊಬ್ಬ ಮನೆಯಲ್ಲೇ ಎಐ ಕಲಿಯಲು ಹೊರಟಿದ್ದಾನೆ. ಕಾರ್ಡಿಗೆಂದು ಇವರ ಕೈಗೆ ಬರುವ ಅರವತ್ತು ಸಾವಿರ ಎಷ್ಟೋ ಸಲ ಅಪ್ಪ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ತಂದ ದುಡ್ಡು. ಆದ್ದರಿಂದ ಈ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಲೆಕ್ಕ ಹಾಕೋಣ. 2025ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ 5070 ಕಾರ್ಡಿಗೆ ಅಮೆರಿಕದಲ್ಲಿ 549 ಡಾಲರ್, ಭಾರತದಲ್ಲಿ 59,000 ರೂಪಾಯಿ ಆರಂಭಿಕ ಬೆಲೆ ಹೇಳಿತು. ಡಾಲರಿಗೆ ಆಗಿನ 86 ರೂಪಾಯಿ ಹಿಡಿದರೆ ಅಲ್ಲಿಯದು 47,214 ರೂಪಾಯಿ. ಸುಮಾರು ಹನ್ನೆರಡು ಸಾವಿರ ಉಳಿಯಿತು ಎಂದು ಕಣ್ಣು ಅರಳುತ್ತದೆ. ಆದರೆ ನಮ್ಮ ಬೆಲೆಯೊಳಗೆ ಶೇ 18ರ ಜಿಎಸ್‌ಟಿ ಸೇರಿದೆ. ಅಮೆರಿಕದ ಬೆಲೆಗೆ ಅಲ್ಲಿನ ಮಾರಾಟ ತೆರಿಗೆ ಇನ್ನೂ ಸೇರಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಕನಿಷ್ಠ ಶೇ 7.25. ಅದನ್ನು ಕೂಡಿದರೆ ಕಾರ್ಡ್ 50,600 ದಾಟುತ್ತದೆ. ಕೊರಿಯರ್‌ನಲ್ಲಿ ತರಿಸಿದರೆ ಸಾಗಣೆ ವೆಚ್ಚ, ಕಸ್ಟಮ್ಸ್‌ನಲ್ಲಿ ಕಟ್ಟುವ ಐಜಿಎಸ್‌ಟಿ, ನಮ್ಮ ಬ್ಯಾಂಕಿನ ಕಾರ್ಡಿನಲ್ಲಿ ಡಾಲರ್ ಕೊಟ್ಟದ್ದಕ್ಕೆ ಹಿಡಿಯುವ ಶುಲ್ಕ, ಎಲ್ಲ ಸೇರಿ ಉಳಿತಾಯ ಅಲ್ಲಿಗೇ ಕರಗುತ್ತದೆ. ಅಕ್ಕ ಕೈಯಲ್ಲಿ ಹಿಡಿದು ತಂದರೆ ಎಂಟು ಸಾವಿರದಷ್ಟು ಉಳಿದೀತು. ಅಂಗಡಿಯ ನಿಜವಾದ ಬೆಲೆ ಎರಡೂ ಕಡೆ ಏರಿಳಿಯುತ್ತದೆ, ನಿಜ. ಆದರೂ ನೀವು ಕೊಳ್ಳುವ ದಿನ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದೇ ನೋಡಿ. ಡಾಲರನ್ನು ರೂಪಾಯಿಗೆ ಗುಣಿಸಿ ನಿಲ್ಲಿಸಿಬಿಟ್ಟರೆ ಅದು ಅರ್ಧ ಲೆಕ್ಕ.

ಆ ಎಂಟು ಸಾವಿರಕ್ಕೆ ನೀವು ಬಿಟ್ಟುಕೊಡುವುದು ಮೂರು ವರ್ಷದ ವಾರಂಟಿಯನ್ನು. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಗ್ರಾಫಿಕ್ಸ್ ಕಾರ್ಡಿನ ವಾರಂಟಿ ಸಾಮಾನ್ಯವಾಗಿ ಅದು ಮಾರಾಟವಾದ ದೇಶಕ್ಕೆ ಕಟ್ಟುಬಿದ್ದಿರುತ್ತದೆ. ಕೆಲವು ಕಂಪನಿಯ ಲ್ಯಾಪ್‌ಟಾಪಿಗೆ ಅಂತರರಾಷ್ಟ್ರೀಯ ವಾರಂಟಿ ಇದೆ. ಅದನ್ನು ಕಂಡವರು ಕಾರ್ಡಿಗೂ ಹಾಗೇ ಇರುತ್ತದೆ ಅಂದುಕೊಳ್ಳುತ್ತಾರೆ. ಬೆಂಗಳೂರಿನ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನಿಂತರೆ ತಿಳಿಯುತ್ತದೆ. ಕಾರ್ಡಿನ ಹಿಂಬದಿಯ ಚೀಟಿಯಲ್ಲಿರುವ ಸೀರಿಯಲ್ ನಂಬರನ್ನು ಅಲ್ಲಿ ಕೂತವರು ಕಂಪ್ಯೂಟರಿಗೆ ಹಾಕುತ್ತಾರೆ. ಯಾವ ದೇಶಕ್ಕೆ ಕಳಿಸಿದ ಮಾಲು ಎಂದು ಪರದೆ ಹೇಳಿಬಿಡುತ್ತದೆ. "ಇದು ಇಂಡಿಯಾ ಸ್ಟಾಕ್ ಅಲ್ಲ" ಎಂದು ಕಾರ್ಡನ್ನು ನಮ್ಮ ಕಡೆಗೇ ಸರಿಸುತ್ತಾರೆ. ಅವರ ಮೇಲೆ ಕೂಗಾಡಿ ಫಲವಿಲ್ಲ. ಇಲ್ಲಿನ ವಿತರಕರು ತಾವು ತರಿಸಿದ ಮಾಲಿಗೆ ಮಾತ್ರ ಹೊಣೆ ಹೊತ್ತಿರುತ್ತಾರೆ.

ಇನ್ನು ಉಳಿಯುವುದು ಕೊಂಡ ದೇಶಕ್ಕೇ ಕಳಿಸುವುದು. ಒಂದೂವರೆ ಕಿಲೋ ತೂಗುವ ಪೆಟ್ಟಿಗೆಗೆ ಹೋಗುವ ಖರ್ಚು ನಿಮ್ಮದು. ಅಲ್ಲಿ ಸಾಮಾನನ್ನು ತೆಗೆದುಕೊಳ್ಳಲು ಒಂದು ವಿಳಾಸ ಬೇಕು. ರಿಪೇರಿಯಾಗಿ ಮರಳುವಾಗ, ಇದು ಇಲ್ಲಿಂದಲೇ ರಿಪೇರಿಗೆ ಹೋದ ಮಾಲು ಎಂಬ ಕಾಗದ ನಿಮ್ಮಲ್ಲಿಲ್ಲದಿದ್ದರೆ ಕಸ್ಟಮ್ಸ್‌ನವರು ಮತ್ತೆ ಸುಂಕ ಕೇಳಬಹುದು. ಎಷ್ಟೋ ಕಂಪನಿಗಳು ವಾರಂಟಿಯನ್ನು ಮೊದಲು ಕೊಂಡವರಿಗೆ ಮಾತ್ರ ಕೊಡುತ್ತವೆ. ಅಂದರೆ ಬಿಲ್ಲಿನಲ್ಲಿರುವ ಅಕ್ಕನಿಗೆ, ನಿಮಗಲ್ಲ.

ಕಾರ್ಡ್ ಕೆಡುವುದು ಅಪರೂಪ ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ನಮ್ಮ ಊರುಗಳಲ್ಲಿ ಅದು ಎಲ್ಲಿ ಕೂತು ಕೆಲಸ ಮಾಡುತ್ತದೆ ಎಂಬುದನ್ನೂ ನೋಡಿ. ಮನೆಯ ಒಂದು ಬದಿಯಲ್ಲಿ ಗೊಂಬೆಯ ಪಟ್ಟಡೆ ಇದ್ದರೆ ಮರದ ನುಣ್ಣನೆಯ ಪುಡಿ ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿನ ಸಂದಿಗೂ ಮೆತ್ತಿಕೊಳ್ಳುತ್ತದೆ. ನೂಲು ಬಿಚ್ಚುವ ಮನೆಯಾದರೆ ಗೂಡು ಬೇಯಿಸುವ ಹಬೆ. ಕಂಪ್ಯೂಟರಿನ ಹಿಂದೆ ಕಾಣುವ ಕಾರ್ಡಿನ ಲೋಹದ ಪಟ್ಟಿಗೆ ತುಕ್ಕಿನ ಚುಕ್ಕಿ ಬಿದ್ದರೆ ಇಲ್ಲೇ ಕೊಂಡ ಕಾರ್ಡನ್ನೂ ವಾಪಸ್ ಕೊಟ್ಟುಬಿಡುತ್ತಾರೆ, ತುಕ್ಕು ವಾರಂಟಿಗೆ ಸೇರುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಹಳೆಯ ವೈರಿಂಗ್, ಹೋಗಿ ಬರುವ ಕರೆಂಟು ಬೇರೆ. ಕಾರ್ಡಿಗೆ ಅರವತ್ತು ಸಾವಿರ ಸುರಿದು ಪವರ್ ಸಪ್ಲೈನಲ್ಲಿ ಎರಡು ಸಾವಿರ ಉಳಿಸಬೇಡಿ. ತಿಂಗಳಿಗೊಮ್ಮೆ ಧೂಳು ಊದಿ. ಕಂಪ್ಯೂಟರನ್ನು ಹಬೆ ಬಾರದ ಕೋಣೆಯಲ್ಲಿಡಿ.

ತೀರಾ ಅಗ್ಗದ ಕಾರ್ಡುಗಳದ್ದು ಇನ್ನೊಂದು ಕಥೆ. ಹಳೆಯ ಜಿಟಿಎಸ್ 450 ಚಿಪ್ಪಿನ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಎಂದು ಮಾರಿದ್ದಾರೆ. 2018ರಲ್ಲಿ ಚೀನಾ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 580 2048ಎಸ್‌ಪಿ ನಕಲಿಯೇನಲ್ಲ. ಆದರೆ ಒಳಗಿನ ಬಲದಲ್ಲಿ ಅದು 570ಕ್ಕೆ ಸಮ, ಹೆಸರು ಮಾತ್ರ 580. 2022ರ ಸೆಪ್ಟೆಂಬರ್ 15ರಂದು ಈಥರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ನಮ್ಮ ರೀಲರ್‌ಗಳು ಗೂಡನ್ನು ಬೊಗಸೆಯಲ್ಲಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ ಮೇಲೆಯೇ ಬೆಲೆ ಹಾಕುತ್ತಾರಲ್ಲ, ಹಳೆಯ ಕಾರ್ಡನ್ನು ಹಾಗೆ ಕೊಳ್ಳಬೇಕು. ಎದುರಿಗೆ ಕಂಪ್ಯೂಟರಿಗೆ ಹಾಕಿಸಿ, ಜಿಪಿಯು-ಝಡ್ ತಂತ್ರಾಂಶ ತೆರೆಸಿ, ಅರ್ಧ ಗಂಟೆ ಓಡಿಸಿ, ಬಿಸಿ ಎಷ್ಟೇರುತ್ತದೆ ನೋಡಿ. ಸಮುದ್ರದಾಚೆಯಿಂದ ಇದು ಆಗುವ ಮಾತಲ್ಲ.

ಹಾಗಾದರೆ ಎಲ್ಲಿ ಕೊಳ್ಳಬೇಕು? ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆ ನಮಗೆ ದೂರವಲ್ಲ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ, ಕನಕಪುರ, ಮಾಗಡಿಯವರಿಗೆ ಬಸ್ಸಿದೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಕೆಟ್ಟಾಗಲೂ ಅಷ್ಟೇ ದಾರಿ. ಅಲ್ಲಿಯೂ "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ, ಬಿಲ್ಲಿಲ್ಲದ ಕಾರ್ಡಿಗೂ ಪರದೇಶದ ಕಾರ್ಡಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ಅದು ಪೆಟ್ಟಿಗೆಯ ಮೇಲಿನದಕ್ಕೂ ಕಾರ್ಡಿನ ಮೇಲಿನದಕ್ಕೂ ಹೊಂದಬೇಕು. ಪೆಟ್ಟಿಗೆಯ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸವಿರುವ ಚೀಟಿ ಇದೆಯೇ ನೋಡಿ. ಪೆಟ್ಟಿಗೆಯನ್ನು ರದ್ದಿಗೆ ಹಾಕಬೇಡಿ.

ಇಲ್ಲಿ ಕೊಂಡರೆ ಕಾನೂನೂ ನಿಮ್ಮ ಜೊತೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಕಡೆಯ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. "ಸ್ಟುಡಿಯೊಗೆ ಕೊಂಡಿದ್ದು, ನಿನಗೆ ಹಕ್ಕಿಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಭಾರತದ ಗ್ರಾಹಕರಿಗೆ ಕ್ರಮವಾಗಿ ಮಾರುವ ವಿದೇಶಿ ಜಾಲತಾಣಗಳಿಗೂ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಆದರೆ ಇಲ್ಲಿ ಕಚೇರಿಯೇ ಇಲ್ಲದ ಅಂಗಡಿಯಿಂದ ಆಯೋಗ ಆದೇಶಿಸಿದ ಹಣವನ್ನು ವಸೂಲು ಮಾಡುವುದು ಬಹಳ ಕಷ್ಟ.

ಇಷ್ಟಾದರೂ ಕೆಲವರಿಗೆ ಅಲ್ಲಿಂದಲೇ ತರಿಸುವ ಕಾರಣವಿರುತ್ತದೆ, ಇಲ್ಲಿ ಸಿಗದ ಮಾದರಿ ಬೇಕಾಗಿರುತ್ತದೆ. ಅಂಥವರು ಮೊದಲು ಕಂಪನಿಯ ಭಾರತದ ಕಚೇರಿಗೆ ಮಾದರಿಯ ಹೆಸರು ಬರೆದು, ಹೊರಗೆ ಕೊಂಡದ್ದಕ್ಕೆ ಇಲ್ಲಿ ಸೇವೆ ಇದೆಯೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ. ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಆ ವಿನಾಯಿತಿ ಬಿಡಿ ಕಾರ್ಡಿಗಿಲ್ಲ, ಅದು ಸಾಮಾನ್ಯ ಬ್ಯಾಗೇಜ್ ಮಿತಿಯೊಳಗೆ ಬರಬೇಕು. ಮಿತಿ ಬದಲಾಗುತ್ತಿರುವುದರಿಂದ ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಸುಂಕ ಬಂದರೆ ಕಟ್ಟಿಸಿ, ಅಕ್ಕನಿಂದ ಸುಳ್ಳು ಹೇಳಿಸಬೇಡಿ. ಕಾರ್ಡನ್ನು ಅವಳು ಹೊರಡುವುದಕ್ಕೆ ಬಹಳ ಮುಂಚೆಯೇ ಕೊಂಡು, ಅಲ್ಲೇ ಗೆಳೆಯರೊಬ್ಬರ ಕಂಪ್ಯೂಟರಿನಲ್ಲಿ ಒಂದು ದಿನವಾದರೂ ಓಡಿಸಿ ನೋಡಲಿ. ಅಂಗಡಿಯವರು ಮರಳಿ ಪಡೆಯುವ ಗಡುವು ಮುಗಿಯುವುದರೊಳಗೆ ದೋಷ ಕಂಡರೆ ಅಲ್ಲೇ ಬದಲಾಯಿಸಿಕೊಳ್ಳಬಹುದು. ಸೂಟ್‌ಕೇಸಿಗೆ ಹಾಕಿದ ಮೇಲೆ ಆ ಅವಕಾಶವಿಲ್ಲ.